ಓಣಿಯಲ್ಲಿ ಎತ್ತರದ ಅಪಾರ್ಟ್‌ಮೆಂಟ್ ಬರದಂತೆ ತಡೆಯಲು ಎಷ್ಟು ಸಹಿ ಬೇಕು?

ನಾವೂ ಸಹಿಯಿಂದಲೇ ಶುರು ಮಾಡಿದ್ದು. ಕಲಬುರಗಿಯಲ್ಲೇ, ಜೇವರ್ಗಿ ರಸ್ತೆ ಕಡೆಯ ಬಡಾವಣೆ. ಮೂಲೆಯ ಎರಡು ಹಳೇ ಮನೆ ಕೆಡವಿ ಏಳಂತಸ್ತು ಏಳಿಸುತ್ತಾರೆ ಅಂತ ಸುದ್ದಿ ಬಂತು.

ಬೇಸಿಗೆಯಲ್ಲಿ ನಮ್ಮೂರು ಗೊತ್ತಲ್ಲ, ಬಿಸಿಲು 40 ದಾಟಿತೆಂದರೆ ರಾತ್ರಿ ಎಲ್ಲರ ಹಾಸಿಗೆ ಮಾಳಿಗೆ ಮೇಲೆ. ಹೆಣ್ಣುಮಕ್ಕಳು ಮಲಗುವ ಜಾಗ ಆ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ನೇರ ಕಾಣುತ್ತೆ ಅಂತ ಓಣಿಯೆಲ್ಲ ಸಿಟ್ಟಾಯಿತು. ಪಾಲಿಕೆಗೆ ಅರ್ಜಿ ಬರೆದವನು ನಾನು. ಎರಡು ಪುಟ ಅದೇ ವಿಷಯ, ಕೊನೆಗೊಂದು ಸಾಲು: "ರಸ್ತೆಯೂ ಇಕ್ಕಟ್ಟಾಗಿದೆ."

ಇಂಜಿನಿಯರ್ ಸಾಹೇಬರು ಪೂರ್ತಿ ಓದಿದರು. "ಮಾಳಿಗಿ ಮ್ಯಾಲ ಮಲಗೋದು ಯಾವ ರೂಲ್ನಾಗೂ ಬರಂಗಿಲ್ರಿ. ರಸ್ತಾ ಇಕ್ಕಟ್ಟ ಅಂದೀರಲ್ಲ, ಅದು ಬರ್ತದ. ಅಳೀತೀವಿ."

ಅಳೆದರು. ನಾನು ಕೆಟ್ಟದ್ದು ಇಲ್ಲೇ. ಲೇಔಟ್ ನಕ್ಷೆಯಲ್ಲಿ ನಮ್ಮ ರಸ್ತೆ 12 ಮೀಟರ್. ಟೇಪು ಹಿಡಿದರೆ 9 ಚಿಲ್ಲರೆ. ಉಳಿದದ್ದು ನಮ್ಮ ಕಟ್ಟೆಗಳ ಕೆಳಗಿತ್ತು! ಗಟಾರದ ಮೇಲೆ ಶಹಾಬಾದ್ ಫರಸಿ ಹಾಸಿ ಕಟ್ಟೆ, ಮೆಟ್ಟಿಲು, ಬೈಕ್ ಹತ್ತಿಸುವ ಇಳಿಜಾರು. ಒಬ್ಬರ ತುಳಸಿಕಟ್ಟೆಯೂ ರಸ್ತೆಯಲ್ಲೇ. ಎಲ್ಲರಿಗಿಂತ ಉದ್ದ ನನ್ನ ಕಟ್ಟೆ. ಕಾಗದದ ಪ್ರಕಾರ ಬಿಲ್ಡರ್ ಸರಿ, ಒತ್ತುವರಿ ಮಾಡಿದವರು ಅರ್ಜಿದಾರರು. ಜೆಸಿಬಿ ಬಂದು ನಿಂತದ್ದು ನಮ್ಮ ಬಾಗಿಲಿಗೆ. ಸಹಿ ಹಾಕಿದವರಲ್ಲಿ ಅರ್ಧ ಜನ ನನ್ನೊಡನೆ ಮಾತು ಬಿಟ್ಟರು.

ಮೊದಲೇ ಒಂದು ಟೇಪು ತಂದು ಅಳೆದಿದ್ದರೆ ಕಟ್ಟೆ ನಾವೇ ತೆಗೆಸಿ, ರಸ್ತೆಯ ಮಾತು ಬಿಟ್ಟು ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗದ ವಿಷಯ ಹಿಡಿಯುತ್ತಿದ್ದೆವು. ಯಾಕಂದರೆ ನಿಜವಾದ ತಪ್ಪು ಇದ್ದದ್ದು ಅಲ್ಲಿ: ಪಕ್ಕದಲ್ಲಿ ಖಾಲಿ ಬಿಡಬೇಕಾದ ಜಾಗದಲ್ಲಿ ಜನರೇಟರ್ ಶೆಡ್ ಎದ್ದಿತ್ತು. ಅದನ್ನು ಹೇಳುವ ಹೊತ್ತಿಗೆ ನಮ್ಮ ಮಾತಿಗೆ ಕಿಮ್ಮತ್ತು ಉಳಿದಿರಲಿಲ್ಲ.

ಹಾಗಾಗಿ ಸಹಿ ಲೆಕ್ಕ ಬಿಡಿ. ಜಾಗ ವಸತಿ ವಲಯದ್ದಾಗಿದ್ದು ನಕ್ಷೆ ನಿಯಮದೊಳಗಿದ್ದರೆ ಓಣಿಯವರ ಒಪ್ಪಿಗೆ ಯಾರೂ ಕೇಳುವುದಿಲ್ಲ. ಭೂಬಳಕೆ ಬದಲಾಯಿಸುವುದಿದ್ದರೆ ಮಾತ್ರ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪರಿಸರ ಅನುಮತಿ ಬೇಕಾಗುವಷ್ಟು ದೊಡ್ಡ, ಅಂದರೆ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೂ 2006ರ ಅಧಿಸೂಚನೆ ಜನರ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಸಭೆ ಕರೆದಾಗ ಮಾತಾಡೋಣ ಅಂತ ನೀವು ಕಾಯುತ್ತಿದ್ದರೆ, ಆ ಸಭೆ ಬಹುಶಃ ನಡೆಯುವುದೇ ಇಲ್ಲ.

ನಕ್ಷೆ ಕೈಗೆ ತಗೊಳ್ಳಿ. ಜಾಗ 500 ಚದರ ಮೀಟರ್ ಮೀರಿ, ಮಾರುವ ಫ್ಲಾಟು 8ಕ್ಕಿಂತ ಹೆಚ್ಚಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ಮಂಜೂರಾದ ನಕ್ಷೆ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತೆ. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಸೆಟ್‌ಬ್ಯಾಕ್, ಪಾರ್ಕಿಂಗ್ ನಕ್ಷೆಯಂತೆ ಇವೆಯೇ ಅಂತ ಸ್ಥಳಕ್ಕೆ ಹೋಗಿ ತಾಳೆ ನೋಡಿ. ನಕ್ಷೆ ಮೀರಿ ಕಟ್ಟಿದ್ದರೆ ಪಾಲಿಕೆ ಕಾಯ್ದೆಯ 321ನೇ ಕಲಂ ಹೆಸರಿಸಿ ದೂರು ಕೊಡಿ.

ಎತ್ತರದ ಜಗಳ ನನಗಂತೂ ಈಗ ವ್ಯರ್ಥ ಅನ್ನಿಸುತ್ತೆ. ಮಾಳಿಗೆಗೆ ಹಸಿರು ನೆಟ್ ಕಟ್ಟಿದರೆ ಮುಗೀತು. ಜಗಳ ಆಡುವುದಾದರೆ ನೀರಿಗೆ ಆಡಿ. ಭೀಮಾ, ಬೆಣ್ಣೆತೊರಾ ನೀರಿದ್ದೂ ಮೇ ತಿಂಗಳಲ್ಲಿ ಟ್ಯಾಂಕರ್ ಕಾಯುವ ಊರು ನಮ್ಮದು. ಎಷ್ಟು ಬೋರ್ ಕೊರೀತಾರೆ, ಟ್ಯಾಂಕರ್ ಎಲ್ಲಿ ನಿಲ್ಲುತ್ತೆ, ಯುಜಿಡಿ (ಒಳಚರಂಡಿ) ಯಾವ ಪೈಪಿಗೆ ಸೇರಿಸ್ತಾರೆ ಅಂತ ಬರವಣಿಗೆಯಲ್ಲೇ ಕೇಳಿ. ಅರ್ಜಿಯನ್ನು ಕಾರ್ಪೊರೇಟರ್ ಕೈಗೆ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.