ಒಂದು ಪುಸ್ತಕವೂ ಅಚ್ಚಾಗದವರು ಟೈಮ್ಸ್-ಚಿಕನ್ ಹೌಸ್ ಸ್ಪರ್ಧೆಗೆ ಮಕ್ಕಳ ಕಾದಂಬರಿ ಕಳಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದಿದ್ದೀರಿ, ಈವರೆಗೆ ಏನೂ ಅಚ್ಚಾಗಿಲ್ಲ. ಇಂಗ್ಲೆಂಡಿನ ಈ ಸ್ಪರ್ಧೆಯ ಬಗ್ಗೆ ಯಾರೋ ಹೇಳಿದರು. ಫೀಸು ಕೇಳುತ್ತಾರಲ್ಲ, ಇದು ಮೋಸವೋ ನಿಜವೋ, ಕಳಿಸಿದರೆ ಪ್ರಯೋಜನ ಇದೆಯಾ?

ನಿಜವಾದದ್ದೇ. ನಾನೂ ಒಮ್ಮೆ ಕಳಿಸಿದ್ದೇನೆ. ಗೆಲ್ಲಲಿಲ್ಲ, ಮೊದಲ ಪಟ್ಟಿಗೂ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇದನ್ನು ನಡೆಸುವವರು ಯಾರು ಅಂತ. ಚಿಕನ್ ಹೌಸ್ ಅಂದರೆ ಕಬಾಬ್ ಅಂಗಡಿ ಅಲ್ಲ (ನನ್ನ ಅಕ್ಕ ಹಾಗೇ ಅಂದುಕೊಂಡಿದ್ದಳು). ಮಕ್ಕಳ ಪುಸ್ತಕ ಮಾತ್ರ ಮಾಡುವ ಪ್ರಕಾಶನ. ಸಾಮರ್ಸೆಟ್ ಜಿಲ್ಲೆಯ ಫ್ರೂಮ್ ಎಂಬ ಪುಟ್ಟ ಪೇಟೆಯವರು. ಊರಿನ ಹೆಸರಿನ ಕಾಗುಣಿತ ನೋಡಿ ಎಲ್ಲರೂ 'ಫ್ರೋಮ್' ಅಂತ ಓದುತ್ತಾರೆ, ಅಲ್ಲಿಯವರು ನಗುತ್ತಾರೆ. 2000ದಲ್ಲಿ ಇದನ್ನು ಶುರು ಮಾಡಿದ್ದು ಬ್ಯಾರಿ ಕನ್ನಿಂಗ್‌ಹ್ಯಾಮ್. ಅದಕ್ಕೆ ಮುಂಚೆ ಬ್ಲೂಮ್ಸ್‌ಬರಿ ಪ್ರಕಾಶನದಲ್ಲಿದ್ದರು. ಬೇರೆ ಹಲವು ಪ್ರಕಾಶಕರು ಬೇಡ ಅಂದಿದ್ದ ಹ್ಯಾರಿ ಪಾಟರ್ ಹಸ್ತಪ್ರತಿಯನ್ನು ಒಪ್ಪಿಕೊಂಡವರು ಇವರೇ. ಹೊಸಬರ ಕಟ್ಟು ಬಿಚ್ಚಿ ನೋಡುವ ಚಾಳಿ ಅವರಿಗೆ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ. ದಿ ಟೈಮ್ಸ್ ಪತ್ರಿಕೆಯ ಜೊತೆ ಸೇರಿ ಈ ಸ್ಪರ್ಧೆ ಹುಟ್ಟಿತು. ಮೊದಲು ಗೆದ್ದವರು ಎಮಿಲಿ ಡೈಮಂಡ್, 2008ರಲ್ಲಿ. ಇಂಗ್ಲೆಂಡಿನ ಬಹುಭಾಗ ಸಮುದ್ರದಲ್ಲಿ ಮುಳುಗಿಹೋದ 2216ನೇ ಇಸವಿಯ ಕಥೆ ಅದು.

ಇನ್ನು ಬಹುಮಾನ. 10,000 ಪೌಂಡ್ ಅಂದ ಕೂಡಲೇ ಕಣ್ಣು ಅರಳುತ್ತದೆ, ಅಲ್ವಾ? ಸ್ವಲ್ಪ ನಿಲ್ಲಿ. ಅದು ನಮ್ಮಲ್ಲಿ ಶಾಲು, ಹಾರ, ಫಲಕದ ಜೊತೆ ಕೊಡುವ ನಗದು ಅಲ್ಲ. ರಾಯಲ್ಟಿಯ ಮುಂಗಡ. ಗೆದ್ದವರ ಜೊತೆ ಪ್ರಕಾಶನ ಒಪ್ಪಂದ ಮಾಡಿಕೊಂಡು, ಮುಂದೆ ಪುಸ್ತಕ ಮಾರಿ ಬರಬೇಕಾದ ಹಣದಲ್ಲಿ ಇಷ್ಟನ್ನು ಮೊದಲೇ ಕೊಡುತ್ತಾರೆ. ಆ ಮುಂಗಡ ತೀರುವಷ್ಟು ಪುಸ್ತಕ ಮಾರಾಟವಾದ ಮೇಲೆಯೇ ಮುಂದಿನ ರಾಯಲ್ಟಿ. ಮಾರಾಟ ಕಡಿಮೆಯಾದರೆ ಸಾಮಾನ್ಯವಾಗಿ ವಾಪಸ್ ಕೇಳುವುದಿಲ್ಲ, ಆದರೆ ಎರಡನೇ ಪುಸ್ತಕದ ಮಾತು ಬಂದಾಗ ಆ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಜೊತೆಗೆ ಒಬ್ಬ ಏಜೆಂಟ್, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವವರು, ನಿಮ್ಮನ್ನು ತೆಗೆದುಕೊಳ್ಳಲು ಮುಂದೆ ಬರುತ್ತಾರೆ. ನನ್ನ ಮಟ್ಟಿಗೆ ಹಣಕ್ಕಿಂತ ಅದೇ ದೊಡ್ಡದು. ಇಂಗ್ಲೆಂಡಿನಲ್ಲಿ ಏಜೆಂಟ್ ಇಲ್ಲದವರ ಹಸ್ತಪ್ರತಿಯನ್ನು ಬಹಳಷ್ಟು ದೊಡ್ಡ ಪ್ರಕಾಶಕರು ತೆರೆದೇ ನೋಡುವುದಿಲ್ಲ.

ಫೀಸು ನಾನು ಕಳಿಸಿದ ವರ್ಷ 15 ಪೌಂಡ್ ಇತ್ತು. ಬರುವ ಕಟ್ಟುಗಳನ್ನು ಓದುವವರಿಗೆ ಖರ್ಚು ಇದ್ದೇ ಇರುತ್ತದೆ, ಅದರಲ್ಲಿ ಮೋಸ ನೋಡಬೇಡಿ. ಮೋಸದ ಗುರುತು ಬೇರೆ. ಕಳಿಸಿದ ಎರಡೇ ವಾರಕ್ಕೆ 'ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ' ಅಂತ ಬರುತ್ತದೆ. ಹಿಂದೆಯೇ ಮುದ್ರಣಕ್ಕೆ ಇಷ್ಟು, ಸಮಾರಂಭಕ್ಕೆ ಇಷ್ಟು, ನೂರು ಪ್ರತಿ ನೀವೇ ಕೊಳ್ಳಬೇಕು ಅಂತ ಪಟ್ಟಿ. ನನಗೂ ಒಂದು ಕಡೆಯಿಂದ ಅಂಥ ಪತ್ರ ಬಂದಿತ್ತು. ಹೆಸರು ಬೇಡ. ಸ್ಪರ್ಧೆಯ ಫೀಸು ಬಿಟ್ಟು ಬೇರೆ ಯಾವುದಕ್ಕಾದರೂ ಲೇಖಕನಿಂದ ಪ್ರಕಾಶಕರ ಕಡೆಗೆ ದುಡ್ಡು ಹರಿಯುತ್ತಿದ್ದರೆ ಎದ್ದು ಬನ್ನಿ.

ಪೂರ್ತಿ ಕಾದಂಬರಿಯೇ ಬೇಕು, ಮೂರು ಅಧ್ಯಾಯ ಬರೆದು 'ಉಳಿದದ್ದು ತಲೆಯಲ್ಲಿದೆ' ಅಂದರೆ ಆಗದು. ನಾನು ಕಳಿಸಿದಾಗ ಕಡಿಮೆ ಅಂದರೆ 30,000 ಪದ, ಹೆಚ್ಚೆಂದರೆ 80,000. ಓದುಗರ ವಯಸ್ಸು 7ರಿಂದ 18. ಬರೆಯುವವರ ವಯಸ್ಸು, ದೇಶ, 'ಮುಂಚೆ ಅಚ್ಚಾಗಿರಬಾರದು' ಅಂದರೆ ಏನು, ಈ ಮೂರು ಷರತ್ತನ್ನು ನೀವು ಕಳಿಸುವ ವರ್ಷದ ನಿಯಮದಲ್ಲೇ ಓದಿ, ಹಳೆಯದನ್ನು ನಂಬಬೇಡಿ. ಹಸ್ತಪ್ರತಿಯ ಜೊತೆ ಕಥೆಯ ಸಾರಾಂಶವೂ ಹೋಗಬೇಕು. ಇಲ್ಲಿ ನಮ್ಮವರು ತಪ್ಪುವುದು ಜಾಸ್ತಿ. ಪುಸ್ತಕದ ಬೆನ್ನುಡಿ ಥರ 'ಮುಂದೇನಾಯಿತು? ಓದಿ ನೋಡಿ!' ಅಂತ ಬರೆದುಬಿಡುತ್ತಾರೆ. ಸಾರಾಂಶ ಅಂದರೆ ಕೊನೆಯನ್ನೂ ಹೇಳಬೇಕು. ಕಳ್ಳ ಯಾರು, ಸತ್ತವರು ಯಾರು, ಹುಡುಗಿಗೆ ಕೊನೆಗೆ ಏನು ಸಿಕ್ಕಿತು, ಎಲ್ಲ.

ಈಗ ನನ್ನ ಕಥೆ. ನಾನು ಶಿರಸಿ ಕಡೆಯವನು, ಈಗ ಬ್ರಿಸ್ಟಲ್‌ನಲ್ಲಿದ್ದೇನೆ. ಅಡಿಕೆ ತೋಟ, ಹಳೇ ಬಾವಿ, ತೀರಿಕೊಂಡ ಅಜ್ಜಿ, ಹನ್ನೊಂದು ವರ್ಷದ ಹುಡುಗ, ಹೀಗೆ ಒಂದು ಕಾದಂಬರಿ. ಮೊದಲ ಅಧ್ಯಾಯ ಪೂರ್ತಿ ಮಲೆನಾಡಿನ ವರ್ಣನೆ. ಇಂಗ್ಲಿಷರಿಗೆ ಅಡಿಕೆ ಅಂದರೆ ಏನು ಅಂತ ಗೊತ್ತಿಲ್ಲವಲ್ಲ, ತಿಳಿಸಬೇಕು ಅನ್ನುವ ಹುಮ್ಮಸ್ಸು. ಅಡಿಕೆ ಹಾಳೆಯಲ್ಲಿ ಊಟದ ತಟ್ಟೆ ಹೇಗೆ ಮಾಡುತ್ತಾರೆ ಅನ್ನುವುದಕ್ಕೇ ಅರ್ಧ ಪುಟ. ಫಲಿತಾಂಶ ಬಂದ ಮೇಲೆ, ರಜೆಗೆ ಊರಿಗೆ ಹೋದಾಗ, ಅಕ್ಕನ ಮಗಳಿಗೆ ಅದನ್ನು ಕನ್ನಡ ಮಾಡುತ್ತಾ ಓದಿ ಹೇಳಿದೆ. ಅವಳಿಗೆ ಆಗ ಹತ್ತು ವರ್ಷ. ಮೂರನೇ ಪುಟಕ್ಕೆ ಜಗುಲಿಯ ಮೇಲೆ ಮಲಗಿ ಕಾಲನ್ನು ಗೋಡೆಗೆ ಹಚ್ಚಿದಳು. 'ಮಾವ, ಕಥೆ ಯಾವಾಗ ಶುರು ಆಗ್ತು?' ಅಂದಳು.

ಕಥೆ ಇದ್ದದ್ದು ಒಂಬತ್ತನೇ ಪುಟದಲ್ಲಿ. 'ಬಾವಿಯೊಳಗಿಂದ ಅಜ್ಜಿ ಕೆಮ್ಮಿದ್ದು ಕೇಳಿಸಿತು. ಅಜ್ಜಿ ತೀರಿಕೊಂಡು ಎಂಟು ದಿನವಾಗಿತ್ತು.' ಈ ಎರಡು ಸಾಲು ಓದಿದ್ದೇ ಅವಳು ಎದ್ದು ಕೂತಳು. ಮೊದಲ ಎಂಟು ಪುಟ ಅವತ್ತು ರಾತ್ರಿಯೇ ಕಿತ್ತು ಹಾಕಿದೆ. ಅಡಿಕೆ ತೋಟ ಎಲ್ಲೂ ಹೋಗಲಿಲ್ಲ, ಹುಡುಗ ಬಾವಿಗೆ ಓಡುವಾಗ ಕಾಲ ಕೆಳಗೆ ಹಾಳೆ ಜಾರುತ್ತದೆ, ಅಷ್ಟು ಸಾಕಾಯಿತು.

ನಮ್ಮ ಕಡೆಯ ಕಥೆ ಅಲ್ಲಿ ನಡೆಯುತ್ತದಾ ಅನ್ನುವ ಅನುಮಾನ ನಿಮಗೂ ಇದ್ದಂತಿದೆ. 2017ರಲ್ಲಿ ಇದೇ ಸ್ಪರ್ಧೆ ಗೆದ್ದವರು ಜಸ್ಬಿಂದರ್ ಬಿಲನ್. ಹಿಮಾಲಯದ ತಪ್ಪಲಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಇಂಗ್ಲೆಂಡಿಗೆ ಬಂದವರು. ಅವರ ಕಥೆಯಲ್ಲಿ ಸಾಲ ಕೊಟ್ಟವರು ಮನೆಗೆ ಬಂದು ಗದರಿಸುತ್ತಾರೆ, ದೂರದ ಪಟ್ಟಣಕ್ಕೆ ದುಡಿಯಲು ಹೋದ ಅಪ್ಪನಿಂದ ಸುದ್ದಿ ಇಲ್ಲ, ಮಗಳು ಗೆಳೆಯನ ಜೊತೆ ಬೆಟ್ಟ ಹತ್ತಿ ಹುಡುಕಲು ಹೊರಡುತ್ತಾಳೆ. ತಲೆಯ ಮೇಲೆ ಹಾರುವ ದೊಡ್ಡ ಹಕ್ಕಿ ತನ್ನ ಸತ್ತ ಅಜ್ಜಿಯೇ ಎಂದು ಅವಳ ನಂಬಿಕೆ. ಪುಸ್ತಕ 2019ರಲ್ಲಿ ಬಂತು, ಆ ವರ್ಷದ ಕೋಸ್ಟಾ ಮಕ್ಕಳ ಪುಸ್ತಕ ಪ್ರಶಸ್ತಿಯನ್ನೂ ಪಡೆಯಿತು. ನನ್ನದೂ ಅಜ್ಜಿ, ಅವರದೂ ಅಜ್ಜಿ. ಓದಿದಾಗ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಅವರು ಯಾರಿಗೂ ಭಾರತ ಪಾಠ ಮಾಡುತ್ತಾ ಕೂತಿಲ್ಲ. ನಾನು ಕೂತಿದ್ದೆ.

ಗೆದ್ದ ಕೂಡಲೇ ಬದುಕು ಬದಲಾಗುತ್ತದೆ ಅಂತಲೂ ಇಲ್ಲ. 2011ರಲ್ಲಿ ಗೆದ್ದ ಕೀರನ್ ಲಾರ್ವುಡ್ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಅವರು ನಿಜವಾಗಿ ಹೆಸರಾದದ್ದು 2016ರಲ್ಲಿ ಬೇರೆ ಪ್ರಕಾಶಕರಿಂದ ಬಂದ ಮೊಲಗಳ ಸಾಹಸದ ಪುಸ್ತಕದಿಂದ. ಮರುವರ್ಷ ಅದಕ್ಕೆ ಬಿಬಿಸಿಯ ಬ್ಲೂ ಪೀಟರ್ ಮಕ್ಕಳ ಪುಸ್ತಕ ಪ್ರಶಸ್ತಿ ಬಂತು. ನಡುವೆ ಐದು ವರ್ಷ.

ಬೇರೆ ದಾರಿಗಳು? ನ್ಯೂಜಿಲೆಂಡಿನಲ್ಲಿ ಟಾಮ್ ಫಿಟ್ಜ್‌ಗಿಬ್ಬನ್ ಹೆಸರಲ್ಲಿ ಹೊಸಬರಿಗೇ ಮೀಸಲಾದ ಪ್ರಶಸ್ತಿ ಇದೆ, ಆದರೆ ಅದು ಅಲ್ಲಿಯವರಿಗೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಮಕ್ಕಳ ಕಥೆಗಳ ಹಸ್ತಪ್ರತಿಗೆ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಕನ್ನಡದಲ್ಲಿ ಬರೆಯುವ ಮನಸ್ಸಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಹಸ್ತಪ್ರತಿಯನ್ನೇ ಕಳಿಸಬೇಕು, ವಯಸ್ಸಿನ ಮಿತಿ ಇದೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ, ಆದರೆ ಅದು ಅಚ್ಚಾದ ಪುಸ್ತಕಕ್ಕೆ. ಒಂದು ಒಳ್ಳೆಯ ಮಕ್ಕಳ ಕಾದಂಬರಿಯನ್ನು ಹಸ್ತಪ್ರತಿಯಲ್ಲೇ ಹುಡುಕಿ, ತಿದ್ದಿ, ಮುಂಗಡ ಕೊಟ್ಟು ಅಚ್ಚು ಹಾಕುವ ಒಬ್ಬ ಕನ್ನಡ ಪ್ರಕಾಶಕ ಬರಲಿ ಅಂತ ನನಗೆ ತುಂಬಾ ಆಸೆ.

ಕಳಿಸುವುದಾದರೆ ಅದಕ್ಕೆ ಮುಂಚೆ ಹತ್ತು ವರ್ಷದ ಒಂದು ಮಗುವನ್ನು ಹಿಡಿದು ಓದಿ ಹೇಳಿ. ನಿಮ್ಮ ಸ್ವಂತ ಮಗು ಬೇಡ, ಅದು ಸುಮ್ನೆ ಚೆನ್ನಾಗಿದೆ ಅನ್ನುತ್ತದೆ. ಪಕ್ಕದ ಮನೆಯದಾಗಲಿ. ಅದು ಎಲ್ಲಿ ಕಾಲನ್ನು ಗೋಡೆಗೆ ಹಚ್ಚುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದುಕೊಳ್ಳಿ. ಸಾರಾಂಶ ಬರೆದಾದ ಮೇಲೆ ಬೇಕಿದ್ದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ. ಕೊನೆಯನ್ನು ಮಾತ್ರ ಮುಚ್ಚಿಡಬೇಡಿ.