ಪ್ರೊ ಕಬಡ್ಡಿಯಿಂದ ನಮ್ಮ ಊರಿನ ಮಕ್ಕಳಿಗೆ ಏನಾದರೂ ಸಿಕ್ಕಿದೆಯಾ, ಇಲ್ಲ ಅದು ಬರೀ ವ್ಯಾಪಾರವಾ?

ಸಿಕ್ಕಿದೆ. ಆದರೆ ಹುಡುಗರಿಗೆ ಸಿಕ್ಕಷ್ಟು ಹುಡುಗಿಯರಿಗೆ ಸಿಕ್ಕಿಲ್ಲ. ನಾನು ಉಡುಪಿ ಕಡೆಯವನು. ನಮ್ಮ ಯುವಕ ಮಂಡಲದ ಕಬಡ್ಡಿ ಪಂದ್ಯಾಟದ ಓಡಾಟದಲ್ಲಿ ತುಂಬಾ ವರ್ಷದಿಂದ ಇದ್ದೇನೆ.

ಲೀಗ್ ಶುರುವಾದದ್ದು 2014ರಲ್ಲಿ. ತಂಡಗಳು ಆಟಗಾರರನ್ನು ಕೊಳ್ಳುವ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ ರೂಪಾಯಿ. 2018ರಲ್ಲಿ ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನು ಯು.ಪಿ. ಯೋಧಾ ತಂಡ 79 ಲಕ್ಷಕ್ಕೆ ತೆಗೆದುಕೊಂಡಿತು. 2023ರಲ್ಲಿ ಪವನ್ ಸೆಹ್ರಾವತ್ ಬೆಲೆ 2.60 ಕೋಟಿ ದಾಟಿತು. ಇದೆಲ್ಲ ಟಿ.ವಿ.ಯಿಂದ ಬಂದ ದುಡ್ಡು. ಆಟವನ್ನೂ ಟಿ.ವಿ.ಗೆ ತಕ್ಕ ಹಾಗೆ ಬಿಗಿ ಮಾಡಿದರು. ಒಂದು ತಂಡದ ಎರಡು ರೈಡ್, ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗುವುದು, ಸತತವಾಗಿ ಅಂಕವಿಲ್ಲದೆ ಖಾಲಿ ಹೋದರೆ ಮೂರನೆಯದು ಡು ಆರ್ ಡೈ: ಅಂಕ ತರದಿದ್ದರೆ ನುಗ್ಗಿದವನು ಔಟ್. ಸುಮ್ನೆ ಹೋಗಿ ಬಂದು ಹೊತ್ತು ಕಳೆಯಲು ಆಗುವುದಿಲ್ಲ.

ಊರಿಗೂ ಅದೇ ಗಾಳಿ ಬೀಸಿತು. ಮೊದಲು ಕೊಯ್ಲು ಮುಗಿದ ಗದ್ದೆಯಲ್ಲಿ ಗೆರೆ ಎಳೆದು ಆಡುತ್ತಿದ್ದರು, ಮೊಣಕೈ ಚರ್ಮ ಕಿತ್ತು ಬರುತ್ತಿತ್ತು. ಈಗ ಹೊನಲು ಬೆಳಕಿನ ಪಂದ್ಯಾಟ ಅಂದರೆ ಮ್ಯಾಟ್ ಬೇಕೇ ಬೇಕು. ಮ್ಯಾಟ್ ಬಾಡಿಗೆ, ಲೈಟು, ಗ್ಯಾಲರಿ, ಮೈಕಿನಲ್ಲಿ ವೀಕ್ಷಕ ವಿವರಣೆ, ಯೂಟ್ಯೂಬ್ ಲೈವ್. ಅಂಕಣದ ಸುತ್ತ ಪ್ರಾಯೋಜಕರ ಫ್ಲೆಕ್ಸ್. ಕೈಕಾಲು ಮುರಿದುಕೊಳ್ಳಬೇಡ ಅಂತ ಬೈಯುತ್ತಿದ್ದ ಮನೆಯವರೇ ಶೂ ತೆಗೆದುಕೊಟ್ಟು, ಗ್ಯಾಲರಿಯಲ್ಲಿ ಕೂತು ಬೊಬ್ಬೆ ಹೊಡೆಯುತ್ತಾರೆ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಬದಲಾವಣೆ ಅದು. ಆದರೆ ಬಹುಮಾನದ ಮೊತ್ತ ಏರಿದ ಹಾಗೆ ತಂಡಗಳು ಹೊರಗಿನ ಆಟಗಾರರನ್ನು ದುಡ್ಡು ಕೊಟ್ಟು ಕರೆಸುತ್ತವೆ. ಊರಿನ ಹುಡುಗ ನೀರಿನ ಬಾಟಲಿ ಹಿಡಿದು ಬದಿಯಲ್ಲಿ ನಿಲ್ಲುತ್ತಾನೆ. ಇದು ಸರಿಯಲ್ಲ.

ಇನ್ನೊಂದು ಮಾತು. ಹಿಂದೆ ನಮ್ಮ ಕಡೆ ಆಟಗಾರರ ಕೈ ಹಿಡಿದದ್ದು ಬ್ಯಾಂಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡ ಇತ್ತು. ಅಂಥ ಕಡೆ ಸೇರಿದರೆ ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. ಲೀಗ್ ದುಡ್ಡು ದೊಡ್ಡದೇ, ಆದರೆ ಮಂಡಿಯ ಲಿಗಮೆಂಟ್ ಹೋದ ಮೇಲೆ ಯಾರೂ ಹರಾಜಿನಲ್ಲಿ ಹೆಸರು ಕೂಗುವುದಿಲ್ಲ. ಮಗ ಚೆನ್ನಾಗಿ ಆಡಿದರೆ ಆಡಲಿ, ಡಿಗ್ರಿ ಮಾತ್ರ ಬಿಡಿಸಬೇಡಿ. ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ಮೇಲೂ ಕಣ್ಣಿರಲಿ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅರ್ಜುನ ಪ್ರಶಸ್ತಿಯೂ ಬಂತು. 2016ರಲ್ಲಿ ಮೂರೇ ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು, ಫೈರ್ ಬರ್ಡ್ಸ್ ತಂಡಕ್ಕೆ ಅವರೇ ನಾಯಕಿ. ಮರುವರ್ಷ ಅದು ನಡೆಯಲೇ ಇಲ್ಲ. ಹುಡುಗರ ಲೀಗ್ ಮಾತ್ರ ಅದೇ ವರ್ಷ ಎಂಟರಿಂದ ಹನ್ನೆರಡು ತಂಡಕ್ಕೆ ಬೆಳೆಯಿತು. ಇದು ಅನ್ಯಾಯ ಅಲ್ವಾ?

ಪ್ರಾಯೋಜಕರನ್ನು ಕೇಳಿದರೆ, ಹುಡುಗಿಯರ ಆಟಕ್ಕೆ ಜನ ಎಲ್ಲಿ ಬರುತ್ತಾರೆ ಅನ್ನುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಪಂದ್ಯ ಇಟ್ಟರೆ ಯಾರು ಬರುತ್ತಾರೆ? ನಿಮ್ಮ ಊರಿನಲ್ಲಿ ಪಂದ್ಯಾಟ ಇದ್ದರೆ ಅವರ ಪಂದ್ಯವನ್ನು ರಾತ್ರಿ ಗ್ಯಾಲರಿ ತುಂಬಿದ ಹೊತ್ತಿಗೆ, ಹುಡುಗರ ಸೆಮಿಫೈನಲ್ ನಡುವೆ ಇಡಿಸಿ. ನಾವು ಹಾಗೇ ಮಾಡುತ್ತಿದ್ದೇವೆ. ಜನ ಕೂತು ನೋಡುತ್ತಾರೆ.