ಖಿನ್ನತೆ, ನಿದ್ದೆಗೇಡಿನಿಂದ ಸ್ತನ ಕ್ಯಾನ್ಸರ್ ಬರುತ್ತದೆಯೇ?

ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದೇನೆ, ರಾತ್ರಿ ಐದು ಗಂಟೆ ನಿದ್ದೆಯೂ ಆಗುವುದಿಲ್ಲ, ಇದರಿಂದ ಸ್ತನ ಕ್ಯಾನ್ಸರ್ ಬಂದೀತೇ ಎಂದು ಕೇಳಿದ್ದೀರಿ.

ಖಿನ್ನತೆ, ಆತಂಕಗಳೇ ಸ್ತನ ಕ್ಯಾನ್ಸರ್ ತರುತ್ತವೆ ಎನ್ನಲು ಗಟ್ಟಿ ಪುರಾವೆ ಇಲ್ಲ. 18 ಅಧ್ಯಯನಗಳ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇಂಥ ನಂಟು ಕಾಣಲಿಲ್ಲ. ‘ಟೆನ್ಷನ್ ಮಾಡ್ಕೊಂಡೇ ಕ್ಯಾನ್ಸರ್ ತಂದ್ಕೊಂಡ್ಳು’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ನಿದ್ದೆ ಕಡಿಮೆಯಾಗುವುದು ಬೇರೆ, ರಾತ್ರಿ ಪಾಳಿ ಬೇರೆ. ಬರೀ ನಿದ್ದೆಯ ಗಂಟೆ ಲೆಕ್ಕ ಹಾಕಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ರಾತ್ರಿ ಪಾಳಿಯನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ 2019ರಲ್ಲೂ ‘ಬಹುಶಃ ಕ್ಯಾನ್ಸರ್‌ಕಾರಕ’ (2ಎ) ಎಂದಿತು. ಈ ದರ್ಜೆ ಪುರಾವೆಯ ಗಟ್ಟಿತನದ್ದು, ಅಪಾಯದ ಗಾತ್ರದ್ದಲ್ಲ. ಪತ್ರಿಕೆಗಳು ಎಡವುವುದೇ ಇಲ್ಲಿ. ರಾತ್ರಿಯ ಬೆಳಕು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ತಗ್ಗಿಸುತ್ತದೆ, ಅದರಿಂದ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಹತೋಟಿ ತಪ್ಪುತ್ತದೆ ಎಂಬುದು ಊಹೆ. 30 ವರ್ಷಕ್ಕೂ ಮೇಲ್ಪಟ್ಟು ಸರದಿ ಪಾಳಿ ಮಾಡಿದ ಅಮೆರಿಕದ ನರ್ಸ್‌ಗಳಲ್ಲಿ ಅಪಾಯ ಸುಮಾರು 36% ಹೆಚ್ಚಿತ್ತು. 2016ರಲ್ಲಿ ಬ್ರಿಟನ್ನಿನ ಸುಮಾರು 8 ಲಕ್ಷ ಮಹಿಳೆಯರನ್ನೂ ಸೇರಿಸಿಕೊಂಡು ನೋಡಿದಾಗ ಏರಿಕೆ ಸಿಗಲಿಲ್ಲ.

ನನ್ನ ಮಟ್ಟಿಗೆ, ಗಮನಿಸಬೇಕಾದದ್ದು ಖಿನ್ನತೆಯ ಬೆನ್ನಿಗೆ ಬರುವ ಅಭ್ಯಾಸಗಳನ್ನು. ನಿದ್ದೆ ಬರಲೆಂದು ಕುಡಿಯುವ ಮದ್ಯ ಅದರಲ್ಲಿ ಮೊದಲನೆಯದು: ದಿನಕ್ಕೆ 10 ಗ್ರಾಂ ಆಲ್ಕೋಹಾಲ್, ಅಂದರೆ 30 ಮಿಲಿ ವಿಸ್ಕಿ, ಅಪಾಯವನ್ನು 7ರಿಂದ 10% ಏರಿಸುತ್ತದೆ. ನಡುರಾತ್ರಿ ಎಚ್ಚರಗೊಳಿಸುವುದೂ ಅದೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹೆಚ್ಚಾಗಿ ತಯಾರಾಗುವುದು ಕೊಬ್ಬಿನಲ್ಲಿ, ಹಾಗಾಗಿ ತೂಕವೂ ಲೆಕ್ಕಕ್ಕೆ ಬರುತ್ತದೆ. ಮನಸ್ಸು ಕುಗ್ಗಿದಾಗ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ ತಪಾಸಣೆ) ತಪ್ಪಿಹೋಗುವುದೂ ಉಂಟು. ಹೊಸ ಗಂಟು, ಕುಳಿಬಿದ್ದ ಚರ್ಮ, ತೊಟ್ಟಿನಿಂದ ರಕ್ತ ಕಂಡರೆ ನೋಯದಿದ್ದರೂ ತೋರಿಸಿಕೊಳ್ಳಿ.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ, ಅಂದರೆ ನಿದ್ದೆಗೆಡಿಸುವ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ. ರಜೆಯಲ್ಲೂ ಒಂದೇ ಹೊತ್ತಿಗೆ ಏಳಬೇಕು. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೆದ್ದು, ತೂಕಡಿಕೆ ಬಂದ ಮೇಲೆ ಮರಳಬೇಕು. ಇದರಲ್ಲಿ ಹಾಸಿಗೆಯ ಹೊತ್ತನ್ನೇ ಮೊಟಕುಗೊಳಿಸುವ ಹಂತವೊಂದಿದೆ; ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಇರುವವರು ಅದನ್ನು ತಾವಾಗಿ ಮಾಡಬಾರದು, ಉನ್ಮಾದ ಕೆರಳಬಹುದು.

ಕ್ಯಾನ್ಸರ್ ಭಯಕ್ಕೆ ಖಿನ್ನತೆಯ ಮಾತ್ರೆಯನ್ನು ದಿಢೀರನೆ ಬಿಡಬೇಡಿ. ಎಚ್ಚರ ಬೇಕಿರುವುದು ಸ್ತನ ಕ್ಯಾನ್ಸರ್‌ನ ಔಷಧಿ ಟ್ಯಾಮಾಕ್ಸಿಫೆನ್ ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ. ಖಿನ್ನತೆಯ ಮಾತ್ರೆಗಳಾದ ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್ ಯಕೃತ್ತಿನ ಒಂದು ಕಿಣ್ವವನ್ನು ತಡೆದು ಟ್ಯಾಮಾಕ್ಸಿಫೆನ್‌ನ ಸಕ್ರಿಯ ರೂಪವನ್ನು ಕಡಿಮೆ ಮಾಡುತ್ತವೆ. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ವೆನ್ಲಾಫ್ಯಾಕ್ಸಿನ್‌ನಂಥ ಬೇರೆ ಔಷಧಿ ಕೊಡುತ್ತಾರೆ.